ಸ್ಕಾಟ್ಲೆಂಡಿನ ಕಡಲತೀರದಲ್ಲಿ ಒಂದು ವಾರ: ಅಪ್ಪ-ಅಮ್ಮ, ಮಕ್ಕಳ ಜೊತೆ ಏನೇನು ಮಾಡಬಹುದು?

ಪ್ರಶ್ನೆ

ನಮಸ್ಕಾರ. ಸ್ಕಾಟ್ಲೆಂಡ್ ಕಡೆ ಓಡಾಡಿರುವವರ ಸಲಹೆ ಬೇಕಿತ್ತು. ಮೇ ಕೊನೆಯ ವಾರ ಮಕ್ಕಳಿಗೆ ಸ್ಕೂಲ್ ರಜೆ. ಫೈಫ್ ತೀರದ ಕ್ರೇಲ್ ಎಂಬ ಊರಿನಲ್ಲಿ ಒಂದು ಕಾಟೇಜ್ ಬುಕ್ ಮಾಡಿದ್ದೇವೆ, ಶನಿವಾರದಿಂದ ಶನಿವಾರ. ಲೀಡ್ಸ್‌ನಿಂದ ಕಾರಿನಲ್ಲಿ ಹೋಗುತ್ತೇವೆ. ಮೈಸೂರಿನಿಂದ ಬಂದಿರುವ ಅಪ್ಪ, ಅಮ್ಮ ಜೊತೆಗಿರುತ್ತಾರೆ. ಅಪ್ಪನಿಗೆ 74, ಮಂಡಿ ನೋವು. ಅಮ್ಮ ಮೊಟ್ಟೆಯನ್ನೂ ತಿನ್ನುವವರಲ್ಲ. ಮಗಳಿಗೆ 11, ಮಗನಿಗೆ 6. ಸಮುದ್ರ ನೋಡುತ್ತಾ ಎರಡು ದಿನ ಕೂರಬಹುದು, ಉಳಿದ ದಿನ ಏನು ಮಾಡುವುದು ಅಂತ ಯೋಚನೆ. ದಿನಾ ನಾಲ್ಕು ಗಂಟೆ ಕಾರಿನಲ್ಲಿ ಕೂರಲು ಅಪ್ಪನಿಗೆ ಆಗುವುದಿಲ್ಲ. ಹತ್ತಿರದ್ದೇ ಹೇಳಿ. ಮಳೆ ಬಂದರೆ ಏನು, ಊಟಕ್ಕೆ ಏನು, ಅದನ್ನೂ ತಿಳಿಸಿ.

ಎಡಿನ್‌ಬರ್ಗ್‌ನಿಂದ

ಒಳ್ಳೆಯ ಊರು ಹುಡುಕಿದ್ದೀರಿ. ನಾವು ಇಲ್ಲಿಗೆ ಬಂದು 12 ವರ್ಷ ಆಯ್ತು. ವರ್ಷಕ್ಕೆ ಎರಡು ಸಲವಾದರೂ ಆ ಕಡೆ ಹೋಗಿಬರುತ್ತೇವೆ. ಕ್ರೇಲ್, ಆನ್‌ಸ್ಟ್ರದರ್, ಪಿಟ್ಟನ್‌ವೀಮ್, ಸೇಂಟ್ ಮೋನನ್ಸ್, ಈಲಿ: ಮೀನುಗಾರರ ಐದು ಹಳೇ ಊರು, ಒಂದರ ಪಕ್ಕ ಒಂದು. ಈ ತುದಿಯಿಂದ ಆ ತುದಿಗೆ ಕಾರಿನಲ್ಲಿ ಅರ್ಧ ಗಂಟೆ ಸಾಕು. ಈಸ್ಟ್ ನ್ಯೂಕ್ ಅಂತ ಕರೆಯುತ್ತಾರೆ. ನ್ಯೂಕ್ ಅಂದರೆ ಸ್ಕಾಟ್ಸ್ ಮಾತಿನಲ್ಲಿ ಮೂಲೆ.

ಬೇರೆ ಏನು ಬಿಟ್ಟರೂ ಐಲ್ ಆಫ್ ಮೇ ದ್ವೀಪ ಬಿಡಬೇಡಿ. ಆನ್‌ಸ್ಟ್ರದರ್ ಬಂದರಿನಿಂದ ದೋಣಿ ಹೋಗುತ್ತದೆ, ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ. ಮೇ ಪ್ರಿನ್ಸೆಸ್ ಅನ್ನುವ ದೊಡ್ಡ ದೋಣಿಯಲ್ಲಿ ಮುಕ್ಕಾಲು ಗಂಟೆಯ ಹಾದಿ. ಎರಡು ಕಿಲೋಮೀಟರ್ ಉದ್ದವೂ ಇಲ್ಲದ ದ್ವೀಪ. ಆದರೆ ಅಲ್ಲಿ ಸಾವಿರಾರು ಪಫಿನ್ ಹಕ್ಕಿ ಗೂಡು ಮಾಡುತ್ತವೆ. ಗೂಡು ಮರದಲ್ಲಲ್ಲ, ನೆಲದಲ್ಲಿ ಬಿಲ ತೋಡಿಕೊಂಡು. ಅದಕ್ಕೇ ಕಾಲುದಾರಿ ಬಿಟ್ಟು ಹುಲ್ಲಿನ ಮೇಲೆ ಕಾಲಿಡಬಾರದು, ಬಿಲ ಕುಸಿಯುತ್ತದೆ. ಮಗನಿಗೆ ಮೊದಲೇ ಹೇಳಿಡಿ.

ನಾವು ಒಮ್ಮೆ ಜೂನ್ ಕೊನೆಗೆ ಹೋಗಿದ್ದೆವು. ದಾರಿಯ ಅಂಚಿನಲ್ಲಿ ಸುಮ್ನೆ ಕೂತಿದ್ದೆವು. ಎರಡು ಮಾರು ದೂರದಲ್ಲಿ ಒಂದು ಪಫಿನ್ ಬಂದು ಇಳಿಯಿತು. ಕೊಕ್ಕಿನಲ್ಲಿ ಬೆಳ್ಳಿ ತಂತಿಯಂಥ ಏಳೆಂಟು ಮೀನು, ಎರಡೂ ಕಡೆ ಜೋತಾಡುತ್ತಿದ್ದವು. ಇಳಿದ ತಕ್ಷಣ ಆಚೀಚೆ ನೋಡಿತು. ಮೇಲೆ ಗಲ್ ಹಕ್ಕಿ ಹಾರುತ್ತಿತ್ತು, ಮೀನು ಕಸಿಯಲು. ಪಫಿನ್ ಓಡಿದ್ದೇ ಓಡಿದ್ದು, ಕಿತ್ತಳೆ ಬಣ್ಣದ ಕಾಲು ಪಟಪಟ ಅನ್ನಿಸುತ್ತಾ ಬಿಲದೊಳಗೆ ಮಾಯ. ಒಂದು ನಿಮಿಷದಲ್ಲಿ ಖಾಲಿ ಕೊಕ್ಕಿನಿಂದ ಹೊರಗೆ ಬಂತು. ನನ್ನ ಮಗಳು ಆ ದಿನ ಫೋನ್ ಕೇಳಲೇ ಇಲ್ಲ.

ಎರಡು ಎಚ್ಚರಿಕೆ. ದೋಣಿ ಇಳಿಯುವ ಜಾಗದ ಹತ್ತಿರ ಟರ್ನ್ ಎಂಬ ಹಕ್ಕಿಗಳು ಮೊಟ್ಟೆ ಇಟ್ಟಿರುತ್ತವೆ, ತಲೆಗೆ ಕುಕ್ಕುತ್ತವೆ. ಎಲ್ಲರಿಗೂ ಟೋಪಿ ಇರಲಿ. ಇನ್ನೊಂದು, ಟಿಕೆಟನ್ನು ವಾರದ ಶುರುವಿನಲ್ಲೇ ತೆಗೆದುಕೊಳ್ಳಿ. ಗಾಳಿ ಜಾಸ್ತಿಯಾದರೆ ದೋಣಿ ಬಿಡುವುದಿಲ್ಲ. ಭಾನುವಾರವೋ ಸೋಮವಾರವೋ ಇಟ್ಟುಕೊಂಡರೆ, ರದ್ದಾದರೂ ಮುಂದೆ ದಿನ ಇರುತ್ತವೆ. ಶುಕ್ರವಾರಕ್ಕೆ ಇಟ್ಟುಕೊಂಡು ನಿರಾಸೆಯಿಂದ ಬಂದವರನ್ನು ನೋಡಿದ್ದೇನೆ.

ಅಪ್ಪನ ಬಗ್ಗೆ: ದ್ವೀಪದಲ್ಲಿ ಏರು ಇದೆ. ಮೇಲೆ ಕೋಟೆಯಂತೆ ಕಾಣುವ ದೀಪಸ್ತಂಭ ಇದೆ, ರಾಬರ್ಟ್ ಸ್ಟೀವನ್ಸನ್ 1816ರಲ್ಲಿ ಕಟ್ಟಿದ್ದು. ಅದರ ಪಕ್ಕದಲ್ಲೇ 1636ರ ಹಳೆಯ ದೀಪದ ಮೋಟು ಗೋಪುರ. ಕಲ್ಲಿದ್ದಲು ಉರಿಸಿ ಹಡಗಿಗೆ ದಾರಿ ತೋರಿಸುತ್ತಿದ್ದರಂತೆ. ಅಲ್ಲಿಯವರೆಗೆ ಹತ್ತಲು ಆಗದಿದ್ದರೆ ಕೆಳಗೇ ಕೂರಲಿ. ಹಕ್ಕಿ, ಬಂಡೆ ಮೇಲೆ ಮಲಗಿದ ಸೀಲ್, ಅಲ್ಲೇ ಕಾಣುತ್ತವೆ. ತಿಂಡಿ, ನೀರು ಕಟ್ಟಿಕೊಂಡು ಹೋಗಿ. ದ್ವೀಪದಲ್ಲಿ ಅಂಗಡಿ ಇಲ್ಲ.

ಡಂಡೀಯಿಂದ

ನನ್ನೂರು ಕುಂದಾಪುರದ ಹತ್ತಿರ. ಹಾಗಾಗಿ ಈ ಬಂದರುಗಳು ಅಂದರೆ ನನಗೆ ಬೇರೆಯೇ ಪ್ರೀತಿ. ಒಂದು ಮಾತು ಮೊದಲೇ ಹೇಳುತ್ತೇನೆ: ಅಲ್ಲಿ ದಿನದ ಪ್ಲ್ಯಾನ್ ಮಾಡುವುದು ನಾವಲ್ಲ, ಉಬ್ಬರ-ಇಳಿತ. ನಮ್ಮ ಮಲ್ಪೆ, ಗಂಗೊಳ್ಳಿ ಕಡೆ ನೀರು ಒಂದು-ಒಂದೂವರೆ ಮೀಟರ್ ಏರಿ ಇಳಿಯುತ್ತದೆ ಅಷ್ಟೆ. ಫೈಫ್‌ನಲ್ಲಿ ಹುಣ್ಣಿಮೆ, ಅಮಾವಾಸ್ಯೆ ಆಸುಪಾಸು ಐದು ಮೀಟರ್ ಹತ್ತಿರ ಹೋಗುತ್ತದೆ. ಬೆಳಿಗ್ಗೆ ದೋಣಿ ತೇಲುತ್ತಿದ್ದ ಬಂದರು ಮಧ್ಯಾಹ್ನ ನೋಡಿದರೆ ಬರೀ ಕೆಸರು, ದೋಣಿ ವಾಲಿಕೊಂಡು ಮಲಗಿರುತ್ತದೆ. ಕಾಟೇಜ್ ತಲುಪಿದ ದಿನವೇ ಆ ವಾರದ ಟೈಡ್ ಟೇಬಲ್ ನೋಡಿ ಫ್ರಿಜ್ ಮೇಲೆ ಬರೆದು ಅಂಟಿಸಿ.

ನೀರು ಇಳಿದಾಗ ಕ್ರೇಲ್‌ನ ರೂಮ್ ಬೇ ತೀರಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ. ಬಂಡೆ ಸಂದಿಯ ನೀರಿನಲ್ಲಿ ಸಣ್ಣ ಏಡಿ, ಬಸವನಹುಳು, ಸಮುದ್ರದ ಹೂವು, ಎಲ್ಲಾ ಸಿಗುತ್ತವೆ. ಒಂದು ಬಕೆಟ್ ಸಾಕು. ನೋಡಿ, ಅಲ್ಲೇ ವಾಪಸ್ ಬಿಡಲು ಹೇಳಿ. ಆ ಕಡೆಯ ಬಂಡೆಗಳಲ್ಲಿ 30 ಕೋಟಿ ವರ್ಷಕ್ಕೂ ಹಳೆಯ ಮರದ ಬುಡಗಳು ಕಲ್ಲಾಗಿ ನಿಂತಿವೆ. ಮಗಳಿಗೆ ಇದು ಇಷ್ಟವಾಗಬಹುದು. ಹುಡುಕುವುದೇ ಒಂದು ಆಟ.

ಅಪ್ಪನಿಗೆ ಅಂತ ಬೇರೆ ಏನೂ ಹುಡುಕಬೇಡಿ. ಕ್ರೇಲ್ ಬಂದರಿನ ಕಟ್ಟೆಯೇ ಸಾಕು. ಬಂದರಿಗೆ ಇಳಿಯುವ ಓಣಿ ಮಾತ್ರ ಕಡಿದು, ಕಲ್ಲು ಹಾಸಿದ್ದು. ಕಾರಿನಲ್ಲಿ ಕೆಳಗೆ ಬಿಟ್ಟು ಬನ್ನಿ. ನನ್ನ ಅಪ್ಪ ಬಂದಾಗ ಮೂರು ಬೆಳಿಗ್ಗೆ ಅಲ್ಲೇ ಕೂತಿದ್ದರು. ಏಡಿ, ಲಾಬ್‌ಸ್ಟರ್ ಹಿಡಿಯುವ ಬುಟ್ಟಿಗಳನ್ನು ಕಟ್ಟೆ ಮೇಲೆ ಪೇರಿಸಿರುತ್ತಾರೆ. ದೋಣಿ ಬಂದಾಗ ಲಾಬ್‌ಸ್ಟರನ್ನು ಒಂದೊಂದಾಗಿ ತೆಗೆದು ಅಳತೆಪಟ್ಟಿ ಇಟ್ಟು ನೋಡುತ್ತಾರೆ. ಚಿಕ್ಕದಾದರೆ ನೀರಿಗೆ ವಾಪಸ್. ಉಳಿದವುಗಳ ಕೊಂಡಿಗೆ ರಬ್ಬರ್ ಬ್ಯಾಂಡ್ ಹಾಕುತ್ತಾರೆ, ಒಂದನ್ನೊಂದು ಕಡಿಯಬಾರದು ಅಂತ. ಭಾಷೆ ಬರದಿದ್ದರೂ ಅಪ್ಪ ಅವರ ಜೊತೆ ಕೈಸನ್ನೆಯಲ್ಲಿ ಮಾತಾಡುತ್ತಿದ್ದರು. ನಾಲ್ಕನೇ ದಿನ ಒಬ್ಬ ಮೀನುಗಾರ ಬುಟ್ಟಿಯ ಗಂಟು ಹಾಕುವುದನ್ನು ತೋರಿಸಿದ. ಅಪ್ಪ ನಮ್ಮೂರಿನ ಗಂಟು ಹಾಕಿ ತೋರಿಸಿದರು.

ಆನ್‌ಸ್ಟ್ರದರ್‌ನ ಮೀನುಗಾರಿಕೆ ಮ್ಯೂಸಿಯಂಗೆ ಅರ್ಧ ದಿನ ಇಡಿ. 1969ರಲ್ಲಿ ಶುರುವಾದದ್ದು. 1902ರಲ್ಲಿ ಕಟ್ಟಿದ ರೀಪರ್ ಎಂಬ ಹಾಯಿದೋಣಿ ಅವರದು. ನನ್ನನ್ನು ಹಿಡಿದು ನಿಲ್ಲಿಸಿದ್ದು ಹೆಂಗಸರ ಭಾಗ. ಹೆರಿಂಗ್ ಅಂತ ಒಂದು ಮೀನು, ನಮ್ಮ ಬೂತಾಯಿಯ ಜಾತಿಯದೇ. ಅದನ್ನು ಸೀಳಿ ಉಪ್ಪು ಹಾಕಿ ಪೀಪಾಯಿಗೆ ತುಂಬುವ ಕೆಲಸ ಹುಡುಗಿಯರದು. ಮೀನು ಹೋದಲ್ಲಿಗೆ ಅವರೂ ಊರಿಂದ ಊರಿಗೆ, ಇಂಗ್ಲೆಂಡಿನ ಯಾರ್ಮತ್‌ವರೆಗೆ ಹೋಗುತ್ತಿದ್ದರು. ಚಾಕು ತಾಗದಿರಲಿ, ಉಪ್ಪು ಗಾಯಕ್ಕೆ ಇಳಿಯದಿರಲಿ ಅಂತ ಬೆರಳಿಗೆಲ್ಲ ಬಟ್ಟೆಪಟ್ಟಿ ಸುತ್ತಿಕೊಳ್ಳುತ್ತಿದ್ದರು. ಆ ಪಟ್ಟಿ ಸುತ್ತಿದ ಕೈಗಳ ಹಳೇ ಫೋಟೋ ನೋಡಿ ನನಗೆ ಊರಿನ ದಕ್ಕೆಯ ಹೆಂಗಸರೇ ನೆನಪಾದರು.

ಸೇಂಟ್ ಮೋನನ್ಸ್‌ನಲ್ಲಿ ಎರಡು ನೋಡಿ. ಒಂದು ಕಡಲಿಗೆ ಅಂಟಿಕೊಂಡಂತಿರುವ ಹಳೇ ಚರ್ಚು, 1360ರ ದಶಕದಲ್ಲಿ ದೊರೆ ಎರಡನೇ ಡೇವಿಡ್ ಕಟ್ಟಿಸಿದ್ದು. ಒಳಗೆ ಚಾವಣಿಯಿಂದ ಒಂದು ಹಡಗಿನ ಮಾದರಿ ತೂಗುಬಿಟ್ಟಿದ್ದಾರೆ. ಇನ್ನೊಂದು ಊರಾಚೆಯ ಗಾಳಿಯಂತ್ರ, 18ನೇ ಶತಮಾನದ್ದು. ಅದು ಹಿಟ್ಟು ಬೀಸಲು ಅಲ್ಲ, ಸಮುದ್ರದ ನೀರೆತ್ತಿ ಉಪ್ಪಿನ ಬಾಣಲೆಗಳಿಗೆ ಕೊಡಲು. ಸಾಣಿಕಟ್ಟಾದಲ್ಲಿ ನಾವು ಗದ್ದೆಗೆ ನೀರು ಬಿಟ್ಟರೆ ಬಿಸಿಲೇ ಉಪ್ಪು ಮಾಡಿಕೊಡುತ್ತದೆ. ಇವರಿಗೆ ಅಂಥ ಬಿಸಿಲೆಲ್ಲಿ? ಕಲ್ಲಿದ್ದಲು ಸುಟ್ಟು ಸಮುದ್ರವನ್ನೇ ಕುದಿಸಿದರು. ಬಾಣಲೆ ಮನೆಗಳು ಇದ್ದ ಗುಂಡಿಗಳು ಹುಲ್ಲಿನ ಕೆಳಗೆ ಇನ್ನೂ ಕಾಣುತ್ತವೆ.

ಅಬರ್ಡೀನ್‌ನಿಂದ, ಊಟದ ವಿಷಯ

ನಮ್ಮ ಅತ್ತೆಯೂ ಮೊಟ್ಟೆ ತಿನ್ನುವುದಿಲ್ಲ. ಅದಕ್ಕೇ ಇದನ್ನು ಬಿಡಿಸಿ ಬರೆಯುತ್ತಿದ್ದೇನೆ.

ಮುಖ್ಯವಾದದ್ದು ಚಿಪ್ಸ್. ಈ ತೀರದ ಮೀನು-ಚಿಪ್ಸ್ ಅಂಗಡಿಗಳು ತುಂಬಾ ಹೆಸರುವಾಸಿ. ಆದರೆ ಸ್ಕಾಟ್ಲೆಂಡಿನ ಎಷ್ಟೋ ಅಂಗಡಿಗಳಲ್ಲಿ ಕರಿಯುವುದು ಎಣ್ಣೆಯಲ್ಲಲ್ಲ, ದನದ ಕೊಬ್ಬಿನಲ್ಲಿ. ಡ್ರಿಪ್ಪಿಂಗ್ ಅಂತಾರೆ. ಆಲೂಗಡ್ಡೆ ತಾನೇ ಅಂತ ಅಮ್ಮನಿಗೆ ಕೊಡಿಸಬೇಡಿ. ಕೇಳಿದರೆ ಬೇಜಾರಿಲ್ಲದೆ ಹೇಳುತ್ತಾರೆ. ನಮಗೆ ಅರ್ಧ ತಿಂದ ಮೇಲೆ ಗೊತ್ತಾಯ್ತು. ಅತ್ತೆ ಆ ರಾತ್ರಿ ಏನೂ ತಿನ್ನಲಿಲ್ಲ, ನನಗೆ ಇವತ್ತಿಗೂ ಸಂಕಟ ಆಗುತ್ತದೆ. ಚೀಸ್‌ನಲ್ಲೂ ರೆನೆಟ್ ಇರಬಹುದು, ಹಾಲು ಗಟ್ಟಿಯಾಗಲು ಹಾಕುವ, ಕರುವಿನ ಹೊಟ್ಟೆಯಿಂದ ತೆಗೆದ ವಸ್ತು. ಲೇಬಲ್ ಓದಿ. ಸ್ಕೋನ್ ಎಂಬ ಸಣ್ಣ ಬನ್ನಿನ ಮೇಲೆ ಎಷ್ಟೋ ಕಡೆ ಮೊಟ್ಟೆ ಸವರಿರುತ್ತಾರೆ. ಶಾರ್ಟ್‌ಬ್ರೆಡ್ ಬರೀ ಹಿಟ್ಟು, ಬೆಣ್ಣೆ, ಸಕ್ಕರೆ. ಅಮ್ಮನ ಕಾಫಿ ಜೊತೆಗೆ ಅದೇ ಒಳ್ಳೆಯದು.

ಅಡುಗೆ ನೀವೇ ಮಾಡಿಕೊಳ್ಳುತ್ತೀರಿ ಅಂದುಕೊಳ್ಳುತ್ತೇನೆ. ಕುಕ್ಕರ್ ತೆಗೆದುಕೊಂಡು ಹೋಗಿ, ಕಾಟೇಜುಗಳಲ್ಲಿ ಇರುವುದಿಲ್ಲ. ಒಲೆ ಇಂಡಕ್ಷನ್ನಾ ಅಂತ ಮೊದಲೇ ಕೇಳಿ, ಅಲ್ಯೂಮಿನಿಯಂ ಕುಕ್ಕರ್ ಅದರ ಮೇಲೆ ಬಿಸಿಯಾಗುವುದಿಲ್ಲ. ಸಾರಿನ ಪುಡಿ, ಹುಣಸೆಹಣ್ಣು, ಕರಿಬೇವು ಎಲ್ಲಾ ಲೀಡ್ಸ್‌ನಿಂದಲೇ ಕಟ್ಟಿಕೊಳ್ಳಿ. ಮರೆತರೆ ದಾರಿಯಲ್ಲಿ ಎಡಿನ್‌ಬರ್ಗ್‌ನ ಲೀತ್ ವಾಕ್ ರಸ್ತೆಯಲ್ಲಿ ಸಿಗುತ್ತವೆ.

ಒಗ್ಗರಣೆ ಹಾಕುವ ಮುಂಚೆ ಕಿಟಕಿ ತೆಗೆಯಿರಿ, ಅಡುಗೆಮನೆ ಬಾಗಿಲು ಮುಚ್ಚಿ. 2022ರ ಫೆಬ್ರವರಿಯಿಂದ ಸ್ಕಾಟ್ಲೆಂಡಿನ ಎಲ್ಲಾ ಮನೆಗಳಲ್ಲೂ ಹೊಗೆಯ ಅಲಾರಂಗಳನ್ನು ಒಂದಕ್ಕೊಂದು ಜೋಡಿಸಿರಬೇಕು ಅಂತ ಕಾನೂನು. ಒಂದು ಕೂಗಿದರೆ ಮನೆಯಲ್ಲಿರುವ ಎಲ್ಲವೂ ಒಟ್ಟಿಗೆ ಕೂಗುತ್ತವೆ. ಒಣಮೆಣಸಿನಕಾಯಿಯ ಘಾಟು ಹಾಲ್‌ಗೆ ಹೋದರೆ ಸಾಕು. ಮೇಲೆ ಮಲಗಿದ್ದ ನಮ್ಮ ಮಾವ ಗಾಬರಿಯಿಂದ ಬರಿಗಾಲಲ್ಲಿ ಮೆಟ್ಟಿಲು ಇಳಿದು ಬಂದರು. ವಯಸ್ಸಾದವರು, ಜಾರಿದ್ದರೆ ಏನು ಗತಿ?

ಗ್ಲಾಸ್ಗೋದಿಂದ

ಈಲಿಯ ಚೈನ್ ವಾಕ್ ಬಗ್ಗೆ ಯಾರೂ ಹೇಳಿಲ್ಲ. ಕಿನ್‌ಕ್ರೇಗ್ ಬಂಡೆಯ ಬುಡದಲ್ಲಿ ಸರಪಳಿಗಳನ್ನು ಬಿಗಿದಿದ್ದಾರೆ. ಅದನ್ನು ಹಿಡಿದು, ಬಂಡೆಯಲ್ಲಿ ಕೊರೆದ ಹೆಜ್ಜೆಗಳಲ್ಲಿ ಕಾಲಿಟ್ಟು, ಹತ್ತಿ ಇಳಿದು ದಾಟುವುದು. ಮಲ್ಪೆಯ ಸೇಂಟ್ ಮೇರಿಸ್ ದ್ವೀಪ ನೋಡಿದ್ದರೆ, ಅಂಥದೇ ಕಂಬಗಲ್ಲು ಇಲ್ಲೂ ಇದೆ. ನಿಮ್ಮ ಮಗಳು ಚುರುಕಾಗಿದ್ದರೆ ದೊಡ್ಡವರೊಬ್ಬರ ಜೊತೆ ಹೋಗಬಹುದು. ಆರು ವರ್ಷದವನು ಬೇಡ.

ಆದರೆ ನೀರು ಇಳಿದಿರುವಾಗ ಮಾತ್ರ. ನಮಗೆ ಆದದ್ದು ಕೇಳಿ. ನಾನು ನೋಡಿದ ಟೈಡ್ ಟೇಬಲ್ ಜಿಎಂಟಿ ಸಮಯದಲ್ಲಿತ್ತು. ಬೇಸಿಗೆಯಲ್ಲಿ ಇಲ್ಲಿನ ಗಡಿಯಾರ ಒಂದು ಗಂಟೆ ಮುಂದೆ. ಲೆಕ್ಕ ಹಾಕುವಾಗ ಕೂಡಿಸುವ ಬದಲು ಕಳೆದೆ. ಎರಡು ಗಂಟೆ ಮುಂಚೆಯೇ ಇಳಿದುಬಿಟ್ಟೆವು, ನೀರು ಇನ್ನೂ ಇಳಿಯುತ್ತಿದೆ ಅನ್ನುವ ಹೊತ್ತಿಗೆ. ಮೂರನೇ ಸರಪಳಿಯ ಹತ್ತಿರ ಅಲೆ ತೊಡೆಗೆ ಹೊಡೆಯಿತು. ಮೇ ತಿಂಗಳಲ್ಲೂ ಆ ನೀರು ಹತ್ತು ಡಿಗ್ರಿ ಆಸುಪಾಸು. ಉಸಿರೇ ಕಟ್ಟಿದಂತಾಯಿತು. ಬಂದ ದಾರಿಯಲ್ಲೇ ವಾಪಸ್ ಹೋಗಲು ಆಯ್ತು, ಸದ್ಯ. ನೀರು ಏರುತ್ತಿದ್ದರೆ ಹಾಗೆ ಆಗುತ್ತಿರಲಿಲ್ಲ. ಯಾರಿಗಾದರೂ ತೊಂದರೆಯಾದರೆ 999 ಒತ್ತಿ ಕೋಸ್ಟ್‌ಗಾರ್ಡ್ ಅಂತ ಕೇಳಬೇಕು, ಆಂಬುಲೆನ್ಸ್ ಅಂತಲ್ಲ.

ಉಳಿದವರು ಅಷ್ಟು ಹೊತ್ತು ಈಲಿಯ ದೊಡ್ಡ ಮರಳಿನಲ್ಲಿ ಆಡಲಿ. ಬೇಸಿಗೆಯಲ್ಲಿ ಶಿಪ್ ಇನ್ ಎಂಬ ಪಬ್ಬಿನ ತಂಡ ಅದೇ ಮರಳಿನ ಮೇಲೆ ಕ್ರಿಕೆಟ್ ಆಡುತ್ತದೆ, ನೀರು ಇಳಿದ ಮೇಲೆ. ಬೌಂಡರಿ ಅಂದರೆ ಸಮುದ್ರ. ಪಂದ್ಯ ಇರುವ ದಿನ ಸಿಕ್ಕರೆ ಅಪ್ಪ ಕದಲುವುದಿಲ್ಲ ನೋಡಿ. ಪಕ್ಕದ ರೂಬಿ ಬೇಯಲ್ಲಿ ಮರಳು ಕೆದಕಿದರೆ ಕೆಂಪು ಗಾರ್ನೆಟ್ ಕಲ್ಲು ಸಿಗುತ್ತವೆ, ಸಾಸಿವೆ ಕಾಳಿನಷ್ಟು.

ಸೇಂಟ್ ಆಂಡ್ರೂಸ್‌ನಲ್ಲಿ ಓದುತ್ತಿರುವವಳು

ಚಿಕ್ಕದಾಗಿ ಹೇಳುತ್ತೇನೆ, ಪರೀಕ್ಷೆ ಇದೆ. ಕ್ರೇಲ್‌ನಿಂದ ಸೇಂಟ್ ಆಂಡ್ರೂಸ್ 16 ಕಿಲೋಮೀಟರ್. 95ನೇ ನಂಬರ್ ಬಸ್ಸು ಈ ಎಲ್ಲಾ ಊರುಗಳನ್ನು ಹಾದು ಬರುತ್ತದೆ. ಇಲ್ಲಿ ಪಾರ್ಕಿಂಗ್ ಕಷ್ಟ, ಬಸ್ಸೇ ವಾಸಿ. ಕೋಟೆಯಲ್ಲಿ 1546-47ರ ಮುತ್ತಿಗೆಯಲ್ಲಿ ತೋಡಿದ ಸುರಂಗ ಇದೆ. ಹೊರಗಿನವರು ಒಂದು ತೋಡಿದರು, ಒಳಗಿನವರು ಸದ್ದು ಕೇಳಿ ಎದುರು ಇನ್ನೊಂದು ತೋಡಿದರು. ಬಗ್ಗಿಕೊಂಡು ಹೋಗಬೇಕು, ಮಕ್ಕಳಿಗೆ ಖುಷಿ, ಅಪ್ಪನಿಗೆ ಬೇಡ. ಅಪ್ಪ, ಅಮ್ಮ ಪಾಳುಬಿದ್ದ ಕೆಥೆಡ್ರಲ್ ಅಂಗಳದಲ್ಲಿ ಕೂರಬಹುದು, ಬೆಂಚುಗಳಿವೆ. ಭಾನುವಾರ ಬಂದರೆ ಓಲ್ಡ್ ಕೋರ್ಸ್ ಗಾಲ್ಫ್ ಮೈದಾನದಲ್ಲಿ ಸಾಮಾನ್ಯವಾಗಿ ಆಟ ಇರುವುದಿಲ್ಲ, ಯಾರು ಬೇಕಾದರೂ ನಡೆಯಬಹುದು. ಸಪಾಟು ಹುಲ್ಲು, ಮಂಡಿಗೆ ಹಿತ.

ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಚಿಪ್ಸ್ ವಿಷಯ ನಮಗೆ ಗೊತ್ತೇ ಇರಲಿಲ್ಲ. ಮಳೆ ಮತ್ತು ಮಂಜು ಬಗ್ಗೆ ಯಾರಾದರೂ ಹೇಳುತ್ತೀರಾ? ಹಾರ್ ಅಂತ ಏನೋ ಬರುತ್ತದಂತೆ.

ಎಡಿನ್‌ಬರ್ಗ್‌ನಿಂದ, ಮತ್ತೆ

ಹೌದು, ಹಾರ್ ಅಂದರೆ ಕಡಲ ಮಂಜು. ವಸಂತ, ಬೇಸಿಗೆಯ ಶುರುವಿನಲ್ಲಿ ಸಮುದ್ರ ತಣ್ಣಗಿರುತ್ತದೆ, ಬೆಚ್ಚಗಿನ ಗಾಳಿ ಅದರ ಮೇಲೆ ಬಂದರೆ ಮಂಜು ಕಟ್ಟಿ ತೀರಕ್ಕೆ ನುಗ್ಗುತ್ತದೆ. ಕ್ರೇಲ್‌ನಲ್ಲಿ ಹತ್ತು ಮಾರು ಕಾಣುವುದಿಲ್ಲ, ಎಂಟು ಕಿಲೋಮೀಟರ್ ಒಳಗೆ ಹೋದರೆ ಸುಡು ಬಿಸಿಲು. ಅಂಥ ದಿನ ತೀರ ಬಿಟ್ಟು ಒಳಗೆ ಹೋಗಿಬಿಡಿ. ಪಿಟ್ಟನ್‌ವೀಮ್ ಮೇಲಿನ ಕೆಲ್ಲಿ ಕ್ಯಾಸಲ್ ಇದೆ, ಗೋಡೆ ಕಟ್ಟಿದ ಹಳೇ ತೋಟ, ಗುಲಾಬಿ, ತರಕಾರಿ ಮಡಿಗಳು. ಗಿಡ ಇಷ್ಟಪಡುವ ಅಮ್ಮನಿಗೆ ಅರ್ಧ ದಿನ ಹೋದದ್ದೇ ಗೊತ್ತಾಗುವುದಿಲ್ಲ.

ಮಳೆಗೆ ಸೀಕ್ರೆಟ್ ಬಂಕರ್. ಕ್ರೇಲ್‌ನಿಂದ ಹದಿನೈದು ನಿಮಿಷದ ದಾರಿ. ಮೇಲೆ ನೋಡಿದರೆ ಸಾಧಾರಣ ಹಳ್ಳಿಮನೆ. ಒಳಗೆ ಉದ್ದ ಸುರಂಗ, ಸುಮಾರು 30 ಮೀಟರ್ ಕೆಳಗೆ ಕಚೇರಿ, ಮಲಗುವ ಕೋಣೆ. 1950ರ ದಶಕದಲ್ಲಿ ರಾಡಾರ್ ಕೇಂದ್ರವಾಗಿ ಕಟ್ಟಿದ್ದು, ಆಮೇಲೆ ಅಣುಯುದ್ಧ ಬಂದರೆ ಸರ್ಕಾರ ನಡೆಸಲು ಇಟ್ಟುಕೊಂಡಿದ್ದರು. 1994ರಿಂದ ಜನರಿಗೆ ತೆರೆದಿದೆ. ಒಳಗೆ ಚಳಿ, ಅಪ್ಪನಿಗೆ ಸ್ವೆಟರ್ ಇರಲಿ. ಚಿಕ್ಕವನಿಗೆ ಕೆಲವು ಬೊಂಬೆಗಳು, ಸೈರನ್ ಸದ್ದು ಭಯ ಆಗಬಹುದು, ಕೈ ಹಿಡಿದುಕೊಳ್ಳಿ.

ಕೇಳಿದವರು, ಜೂನ್‌ನಲ್ಲಿ

ಹೋಗಿಬಂದೆವು. ಮುಂದೆ ಹೋಗುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಸೋಮವಾರದ ದೋಣಿ ಗಾಳಿಗೆ ರದ್ದಾಯ್ತು. ಬುಧವಾರಕ್ಕೆ ಬದಲಾಯಿಸಿಕೊಟ್ಟರು. ವಾರದ ಶುರುವಿಗೆ ಇಟ್ಟುಕೊಳ್ಳಿ ಅಂದಿದ್ದು ಎಷ್ಟು ಒಳ್ಳೆಯದಾಯ್ತು. ಟರ್ನ್ ಹಕ್ಕಿ ಅಪ್ಪನ ಮಂಕಿ ಕ್ಯಾಪಿಗೆ ಎರಡು ಸಲ ಕುಕ್ಕಿತು. ಮಗ ಪಫಿನ್ ಎಣಿಸಲು ಶುರು ಮಾಡಿ ಇನ್ನೂರಕ್ಕೆ ಬಿಟ್ಟ. ಚೈನ್ ವಾಕ್ ನಾವು ಮಾಡಲಿಲ್ಲ. ಆ ವಾರ ನೀರು ಇಳಿಯುವ ಹೊತ್ತು ನಮಗೆ ಹೊಂದಲಿಲ್ಲ, ಹಟ ಮಾಡಲಿಲ್ಲ. ಕ್ರಿಕೆಟ್ ಪಂದ್ಯವೂ ಸಿಗಲಿಲ್ಲ. ನಾವೇ ಆಡಿದೆವು, ಅಪ್ಪ ಅಂಪೈರ್.

ಒಂದು ವಿಷಯ ಇಲ್ಲಿ ಯಾರೂ ಹೇಳಿರಲಿಲ್ಲ, ನಮಗೂ ಹೊಳೆದಿರಲಿಲ್ಲ. ಈ ಹಳೇ ಮೀನುಗಾರರ ಮನೆಗಳ ಮೆಟ್ಟಿಲು ತುಂಬಾ ಕಡಿದು, ಕಿರಿದು. ನಮ್ಮ ಕಾಟೇಜಿನಲ್ಲಿ ಬಾತ್‌ರೂಮ್ ಮೇಲೆ, ಅಪ್ಪ ಮಲಗುವ ಕೋಣೆ ಕೆಳಗೆ. ರಾತ್ರಿ ಎರಡು ಸಲ ಏಳುವವರಿಗೆ ಇದು ಕಷ್ಟ. ಎರಡನೇ ರಾತ್ರಿಯೇ ಅಪ್ಪ, ಅಮ್ಮನನ್ನು ಮೇಲಿನ ಕೋಣೆಗೆ ಬದಲಾಯಿಸಿದೆವು. ದಿನಕ್ಕೆ ಒಂದೇ ಸಲ ಹತ್ತಿ, ಒಂದೇ ಸಲ ಇಳಿಯುವಂತೆ ಮಾಡಿಕೊಂಡೆವು. ಮನೆಯಲ್ಲಿ ಮಂಡಿ ನೋವಿನವರು ಇದ್ದರೆ ಬುಕ್ ಮಾಡುವ ಮೊದಲೇ ಕೇಳಿ: ಕೆಳಗೆ ಬಾತ್‌ರೂಮ್ ಇದೆಯಾ, ಮೆಟ್ಟಿಲಿಗೆ ಎರಡೂ ಕಡೆ ಹಿಡಿ ಇದೆಯಾ, ಬಾಗಿಲವರೆಗೆ ಕಾರು ಬರುತ್ತದಾ. ಫೋಟೋದಲ್ಲಿ ಕಿಟಕಿಯಾಚೆಯ ಸಮುದ್ರ ಮಾತ್ರ ಹಾಕಿರುತ್ತಾರೆ.

ಮೇಲಿನ ಕೋಣೆಯಿಂದ ಇನ್ನೊಂದು ಲಾಭ ಆಯ್ತು. ಅಲ್ಲಿ ಮೇ ಕೊನೆಗೆ ನಾಲ್ಕೂವರೆಗೆಲ್ಲ ಬೆಳಕು. ಅಮ್ಮನಿಗೆ ಹೇಗೂ ಆ ಹೊತ್ತಿಗೆ ಎಚ್ಚರ. ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಸಿ, ಇಬ್ಬರೂ ಲೋಟ ಹಿಡಿದು ಕಿಟಕಿ ಹತ್ತಿರ ಕೂರುತ್ತಿದ್ದರು. ಎಷ್ಟನೇ ದೋಣಿ ಹೋಯ್ತು ಅಂತ ನಾವು ಎದ್ದ ಮೇಲೆ ಲೆಕ್ಕ ಹೇಳುತ್ತಿದ್ದರು. ಕಪ್ಪುತಳದ ನೀಲಿ ದೋಣಿಗೆ ಅಪ್ಪ ಏನೋ ಹೆಸರಿಟ್ಟಿದ್ದರು. ಶನಿವಾರ ಹೊರಡುವಾಗ ಅದು ಇನ್ನೂ ವಾಪಸ್ ಬಂದಿರಲಿಲ್ಲ. ಕಾರು ಹತ್ತುವ ಮುಂಚೆ ಸ್ವಲ್ಪ ಹೊತ್ತು ನೋಡೋಣ ಅಂದರು. ಹತ್ತು ಗಂಟೆಗೆ ಕೀಲಿ ಒಪ್ಪಿಸಬೇಕಿತ್ತು. ಕೀಲಿ ಕೊಟ್ಟು ಬಂದು, ಬಂದರಿನ ಕಟ್ಟೆ ಮೇಲೆ ಅರ್ಧ ಗಂಟೆ ಕೂತೆವು. ಬಂತು.